ಎರಡೇ ಬಿರುಕಿನ ಕಣ

ಸಂಕ್ರಾಂತಿಗೆ ಇನ್ನೂ ಒಂದು ವಾರವಿತ್ತು. ಬಿಡದಿಯಲ್ಲಿ ಏನೋ ಕೆಲಸವಿತ್ತೆಂದು ಚನ್ನಪಟ್ಟಣದಿಂದ ರೈಲಿನಲ್ಲಿ ಬಂದಿಳಿದವಳು, ಹೊಟ್ಟೆ ಚುರುಗುಟ್ಟುತ್ತಿದ್ದರಿಂದ ತಟ್ಟೆ ಇಡ್ಲಿ ಹೋಟೆಲೊಂದಕ್ಕೆ ನುಗ್ಗಿದೆ. ಕಾರ್ಖಾನೆಯ ಶಿಫ್ಟು ಬಿಟ್ಟು ಬಂದವರ ಗದ್ದಲ. ಮೂಲೆಯ ಮೇಜಿನಲ್ಲಿ ಜಾಗ ಸಿಕ್ಕಿತು. ಇಡ್ಲಿ ಬಂತು, ಅದರ ಮೇಲೆ ಬೆಣ್ಣೆ ಕರಗುತ್ತಿತ್ತು, ನೀರಿನ ಲೋಟ ಇಡಲು ತಟ್ಟೆಯನ್ನು ಒಂದಿಷ್ಟು ಸರಿಸಿದೆ. ಸರಿಸಿದ ಜಾಗದಲ್ಲಿ ಮೇಜಿನ ಕಲ್ಲು ಕಾಣಿಸಿತು. ಇಡ್ಲಿ ಮುಟ್ಟದೆ ತಟ್ಟೆಯನ್ನು ಇನ್ನಷ್ಟು ಸರಿಸಿದೆ.

ಬೂದು ಬಣ್ಣದ ಪಟ್ಟೆಗಳು. ಮಲಗಿದ ಮೇಕೆ ಕತ್ತನ್ನು ಹಿಂದಕ್ಕೆ ತಿರುಗಿಸಿದ ಹಾಗೆ ಅದರಲ್ಲೊಂದು ಮಡಿಕೆ. ಆ ಕತ್ತಿನ ಅಡ್ಡಕ್ಕೆ ಎರಡು ಬೆರಳಗಲದ ಗುಲಾಬಿ ಎಳೆಯೊಂದು ಹಾದುಹೋಗುತ್ತದೆ. ಅರ್ಧ ದಾರಿ ನೆಟ್ಟಗೆ ಹೋಗಿ, ಯಾರೋ ಪಕ್ಕಕ್ಕೆ ಜಗ್ಗಿದ ಹಾಗೆ ಎಳೆದುಕೊಂಡು ತೆಳ್ಳಗಾಗಿ, ಮತ್ತೆ ದಪ್ಪವಾಗುತ್ತದೆ. ಅದನ್ನು ನಾನು ಕಂಡಿದ್ದೇನೆ, ಅಳೆದಿದ್ದೇನೆ, ಅದರ ಪಕ್ಕದಲ್ಲಿ ಮಂಡಿಯೂರಿ ಇಡೀ ಮಾಗಿ ಕಳೆದಿದ್ದೇನೆ. ಕಲ್ಲುಗಳೆಲ್ಲ ಒಂದೇ ಥರ, ಹೇಗೆ ಗುರುತು ಹಿಡಿದೆ ಎಂದು ಕೇಳುವವರು, ಕುರಿ ಸಾಕುವವರನ್ನು ಕುರಿಗಳೆಲ್ಲ ಒಂದೇ ಥರವೇ ಎಂದು ಕೇಳಿ ನೋಡಲಿ.

"ಯಾಕ್ ಮೇಡಂ, ಇಡ್ಲಿ ಸರಿಯಿಲ್ವಾ?" ಎಂದು ಹೋಟೆಲಿನವನು ಕೇಳಿದ.

"ಇಡ್ಲಿ ಚೆನ್ನಾಗೇ ಇದೆ. ಈ ಕಲ್ಲು ಎಲ್ಲಿಂದ ತಂದ್ರಿ?"

"ಪಾಲಿಶ್ ಫ್ಯಾಕ್ಟ್ರಿಯಿಂದ ಮೇಡಂ. ಎಲ್ಲಾ ಫಾರಿನ್‌ಗೆ ಹೋಗೋ ಮಾಲು. ಮೂಲೆ ಒಡೆದುಹೋದದ್ದು ಮಾತ್ರ ಇಲ್ಲೇ ಉಳೀತದೆ. ಡಿಸೈನ್ ಚೆನ್ನಾಗೈತೆ ಅಂತ ತಗೊಂಡೆ."

ಡಿಸೈನಂತೆ. ಎರಡು ದೊಡ್ಡ ನೆಲಗಳು ಒಂದನ್ನೊಂದು ಒತ್ತಿ, ಉಜ್ಜಿ, ಕರಗಿಸಿ ಮಾಡಿದ ಕೆಲಸ ಅದು. ಬಿಲ್ಲು ಕೊಟ್ಟು ಹೊರಗೆ ಬಂದೆ. ಹೊರಗೆ ಗಾಡಿಯಲ್ಲಿ ಮಾಗಡಿ ಕಡೆಯ ಅವರೆಕಾಯಿ ಗುಡ್ಡೆ ಹಾಕಿಕೊಂಡು ಮಾರುತ್ತಿದ್ದರು. ಅದರ ಸೊಗಡು ಮೂಗಿಗೆ ಬಡಿದದ್ದೇ ತಡ, ಆ ಮಾಗಿ ಪೂರ್ತಿ ಎದ್ದು ನಿಂತಿತು.

ಊರಿನ ಹೆಸರು ಬರೆಯುವುದಿಲ್ಲ. ಬಂಡೆ ಎಲ್ಲಿದೆಯೆಂದು ನಕ್ಷೆಯ ಮೇಲೆ ಚುಕ್ಕಿ ಇಟ್ಟು ಒಮ್ಮೆ ಅನುಭವಿಸಿದ್ದಾಗಿದೆ. ಕನಕಪುರದಿಂದ ಕಬ್ಬಾಳಿಗೆ ಹೋಗುವ ದಿಕ್ಕಿನಲ್ಲಿ, ಕಬ್ಬಾಳುದುರ್ಗದ ಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಒಂದು ಹಳ್ಳಿ ಎಂದರೆ ಸಾಕು.

ಆಗ ನಾನು ಭೂವಿಜ್ಞಾನದಲ್ಲಿ ಸಂಶೋಧನೆಗೆ ಸೇರಿ ಎರಡನೆಯ ವರ್ಷ. ಚನ್ನಪಟ್ಟಣದಲ್ಲಿ ನಮ್ಮ ಅಬ್ಬಾ ಗೊಂಬೆ ಕಡೆಯುವವರು. ಲೇತಿನಲ್ಲಿ ಮರ ತಿರುಗುವಾಗ ಅದಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುವ ಕೆಲಸ. ಅವರ ಪಾಲಿಗೆ ಮಗಳು ಕಲ್ಲು ಓದುವುದು ಅರ್ಥವಾಗದ ಸಂಗತಿ. ಓದಿಗೆ ಬೇಡವೆನ್ನಲಿಲ್ಲ, ಆದರೆ ಬೆಟ್ಟಗುಡ್ಡ ಅಲೆಯುವುದಕ್ಕೆ ಒಪ್ಪಲಿಲ್ಲ. ಅವರನ್ನು ಒಪ್ಪಿಸಿದವರು ಮಧು ಅಣ್ಣ.

ಮಧು ಅಣ್ಣ ನಮ್ಮ ವಿಭಾಗದಲ್ಲೇ ನನಗಿಂತ ನಾಲ್ಕು ವರ್ಷ ಹಿರಿಯರು. ಕಂಪಾಸು ಹಿಡಿಯುವುದನ್ನು ನನಗೆ ಕಲಿಸಿದ್ದು ಅವರೇ. ಅದಕ್ಕಾಗಿಯೇ ಒಂದು ದಿನ ನಮ್ಮ ಮನೆಗೆ ಬಂದರು. ಅಂಗಳದ ಮರದ ಹೊಟ್ಟಿನ ನಡುವೆ ಕುಕ್ಕರುಗಾಲಲ್ಲಿ ಕೂತು, ಚಹಾ ಕುಡಿದು, ಅಬ್ಬಾ ಕೊಟ್ಟ ಬುಗುರಿಯನ್ನು ನೆಲದ ಮೇಲೆ ತಿರುಗಿಸುತ್ತ ಹೇಳಿದರು: "ನನ್ನ ತಂಗಿ ಇದ್ದ ಹಾಗೆ. ನೀವು ಯೋಚನೆ ಮಾಡ್ಬೇಡಿ, ನಸೀಮಾ ಜವಾಬ್ದಾರಿ ನನ್ನದು." ಬುಗುರಿ ನಿಲ್ಲುವ ಮೊದಲೇ ಅಬ್ಬಾ ಹೂಂ ಅಂದಿದ್ದರು. ಹೋಗುವಾಗ ಆ ಬುಗುರಿಯನ್ನೂ ಕೊಟ್ಟು ಕಳಿಸಿದರು.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ನಾವು ನಿಂತಿರುವ ಈ ನೆಲ ಒಂದೇ ತುಂಡಲ್ಲ. ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಪಶ್ಚಿಮಕ್ಕೊಂದು ಹಳೆಯ, ದಪ್ಪ ನೆಲವಿತ್ತು, ಪೂರ್ವಕ್ಕೊಂದು ಬೇರೆ ನೆಲವಿತ್ತು. ಎರಡೂ ಬಂದು ಒತ್ತಿಕೊಂಡವು. ಒತ್ತುವುದು ಸಾಲದೆ ಪಕ್ಕಕ್ಕೂ ಜರುಗಿದವು. ಆ ಬೆಸುಗೆಯ ಉದ್ದಕ್ಕೂ ಆಳದ ಕಲ್ಲು ಕರಗಿ, ಮೇಲೆದ್ದು, ಹೆಪ್ಪುಗಟ್ಟಿತು. ಮಾಗಡಿಯ ಸಾವನದುರ್ಗ, ರಾಮನಗರದ ಬೆಟ್ಟಗಳು ಎಲ್ಲ ಆ ಗುಲಾಬಿ ಕಲ್ಲೇ. ದಕ್ಷಿಣಕ್ಕೆ ಹೋದಷ್ಟೂ ಮೇಲಿನ ಪದರಗಳು ಹೆಚ್ಚು ಸವೆದುಹೋಗಿ ಆಳದ ಕಲ್ಲು ಕಾಣುತ್ತದೆ. ಹಾಗಾಗಿ ಕುದೂರಿನಲ್ಲಿ ಬಸ್ಸು ಹತ್ತಿ ಮಾಗಡಿ, ರಾಮನಗರ, ಕನಕಪುರ ದಾಟಿ ಕಬ್ಬಾಳಿಗೆ ಹೋಗುವವರು, ಕಿಟಕಿ ಪಕ್ಕ ಕೂತು ತೂಕಡಿಸುತ್ತಲೇ, ಹಳೆಯ ಭೂಮಿಯ ಒಳಕ್ಕೆ ಇಳಿದುಬಿಟ್ಟಿರುತ್ತಾರೆ. ಕಬ್ಬಾಳಿನ ಹತ್ತಿರ ನಾವು ನೋಡುವುದು ಆ ಬೆಸುಗೆಯ ಬೇರನ್ನು.

ಎಲ್ಲರಿಗೂ ಇದ್ದ ಪ್ರಶ್ನೆ ಒಂದೇ. ಈ ಗುಲಾಬಿ ಕಲ್ಲು ಬಂದದ್ದು ತಿಕ್ಕಾಟ ಮುಗಿದ ಮೇಲೋ, ನಡೆಯುತ್ತಿದ್ದಾಗಲೋ? ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯುವುದೇ ನಮ್ಮ ವಿದ್ಯೆ. ಅದಕ್ಕೆ ತೊಳೆದಿಟ್ಟ ಹಾಗೆ ಶುಭ್ರವಾದ, ಬಿರುಕು ಕಡಿಮೆಯಿರುವ ಅಗಲದ ಬಂಡೆ ಬೇಕು. ಪಾಚಿ, ಮಣ್ಣು, ಲಂಟಾನದ ಪೊದೆಗಳ ನಡುವೆ ಅಂಥದ್ದು ಸಿಗುವುದು ಅಪರೂಪ. ನನಗೆ ಸಿಕ್ಕಿತು. ಅದು ಜವರಮ್ಮನ ಕಣ.

ಜವರಮ್ಮ ಮತ್ತು ಅವರ ಗಂಡ ಸಿದ್ದಣ್ಣ ರಾಗಿ ಬೆಳೆಯುತ್ತಿದ್ದರು, ಕುರಿ ಸಾಕುತ್ತಿದ್ದರು. ಅವರ ಹೊಲದ ಅಂಚಿಗೆ ಗೋಮಾಳದಲ್ಲಿ ಒಂದು ಹಾಸುಬಂಡೆ. ಅಜ್ಜಂದಿರ ಕಾಲದಿಂದಲೂ ಅದರ ಮೇಲೇ ಅವರು ರಾಗಿ ಬಡಿಯುತ್ತಿದ್ದರು. ಕಾಗದದಲ್ಲಿ ಬಂಡೆ ಸರ್ಕಾರದ್ದು, ರೂಢಿಯಲ್ಲಿ ಕಣ ಅವರದ್ದು. ನಾವು ಮೊದಲು ಹೋದ ದಿನ ಜವರಮ್ಮ ಕಣವನ್ನು ನೀರು ಹಾಕಿ ಪೊರಕೆಯಿಂದ ಉಜ್ಜುತ್ತಿದ್ದರು. ಒದ್ದೆ ಬಂಡೆಯ ಮೇಲೆ ಪಟ್ಟೆಪಟ್ಟೆ ಎದ್ದು ಹೊಳೆಯುತ್ತಿತ್ತು. ನಾನು ಎಲ್ಲ ಮರೆತು ಬೂಟು ಹಾಕಿಕೊಂಡೇ ಹತ್ತಿಬಿಟ್ಟೆ.

"ಏಯ್, ಯಾರವ್ವಾ ನೀನು, ಇಳಿ ಕೆಳಕ್ಕೆ," ಎಂದರು. ಕೂಗಲಿಲ್ಲ, ಆದರೆ ಪೊರಕೆ ನನ್ನ ಕಡೆ ತಿರುಗಿತ್ತು. "ಉಣ್ಣೋ ಅನ್ನ ಬೀಳೋ ಜಾಗ. ಮೆಟ್ ಹಾಕ್ಕಂಡ್ ಹತ್ತೀಯಾ?"

ನಾನು ಇಳಿಯುವಷ್ಟರಲ್ಲಿ ಮಧು ಅಣ್ಣ ಬೂಟು ಬಿಚ್ಚಿ, ಬಗ್ಗಿ, ಬಂಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದರು. ಜವರಮ್ಮನ ಪೊರಕೆ ಕೆಳಗಿಳಿಯಿತು. "ನೋಡು, ಆ ಅಯ್ಯನ್ನ ನೋಡಿ ಕಲ್ತ್ಕೋ," ಎಂದು ನನಗೆ ಹೇಳಿದರು. ಆವತ್ತಿನಿಂದ ನನ್ನ ಹೆಸರು ಕಲ್ಲಮ್ಮ, ಮಧು ಅಣ್ಣನ ಹೆಸರು ಮಧಪ್ಪ.

ಯಾಕೆ ಬಂದಿರಿ ಎಂದು ಕೇಳಿದಾಗ ಹೇಳಿದೆ. ಎರಡು ನೆಲ ಬಂದು ಒತ್ತಿಕೊಂಡ ಕಥೆಯನ್ನು ಕೈ ತಟ್ಟಿ, ಅಂಗೈ ಉಜ್ಜಿ ತೋರಿಸಿದೆ. ಜವರಮ್ಮ ಕಣ್ಣರಳಿಸಲಿಲ್ಲ, ಪೊರಕೆಯನ್ನೂ ನಿಲ್ಲಿಸಲಿಲ್ಲ.

"ಅಣ್ತಮ್ಮದೀರು ಪಾಲಾಗೋದು ಕಂಡಿವ್ನಿ. ಭೂಮಿ ಒಂದಾಗೋದು ಈಗ ಕೇಳ್ತಾ ಇವ್ನಿ. ಈಗ ಸುಮ್ಕೈತಾ?"

"ಈಗ ಸುಮ್ಮನಿದೆ ಅವ್ವ."

"ಆಯ್ತಲ್ಲ ಮತ್ತೆ. ಸುಮ್ಕಿರೋದನ್ನ ಯಾಕ್ ಕೆಣಕ್ತೀರಿ?"

ನಾವು ಕೆಣಕುವುದಿಲ್ಲ, ಬರೀ ನೋಡುತ್ತೇವೆ ಎಂದೆ. ಯಾರೂ ಏನೂ ಒಯ್ಯುವುದಿಲ್ಲ ಎಂದೂ ಹೇಳಿದೆ. ಆ ಮಾತು ನನ್ನದೇ. ಅದನ್ನು ಪೂರ್ತಿ ನಂಬಿಯೇ ಹೇಳಿದ್ದೆ.

ಅವರಿಗೆ ತಮ್ಮ ಕಣದ ಮೇಲೆ ಬಹಳ ಹೆಮ್ಮೆ. ಊರಿನಲ್ಲಿ ಬೇರೆ ಹಾಸುಬಂಡೆಗಳಿದ್ದವು, ಆದರೆ ಎಲ್ಲದರಲ್ಲೂ ಬಿರುಕು. ರಾಗಿ ಸಾಸಿವೆಗಿಂತ ಸಣ್ಣ ಕಾಳು. ಬಿರುಕಿಗೆ ಇಳಿದರೆ ಇರುವೆಗೇ ಸಮ. ಅದಕ್ಕೇ ಸುಗ್ಗಿಗೆ ಮೊದಲು ಬಿರುಕುಗಳಿಗೆಲ್ಲ ಸಗಣಿ ಮೆತ್ತುತ್ತಾರೆ. ಜವರಮ್ಮ ಮಧು ಅಣ್ಣನ ಕೈ ಹಿಡಿದು ಕಣದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಸಿದರು. "ನೋಡ್ಕೊ ಮಧಪ್ಪ. ಇಷ್ಟಗಲಕ್ಕೂ ಎರಡೇ ಬಿರುಕು. ಒಂದ್ ಇಲ್ಲಿ, ಒಂದ್ ಅಲ್ಲಿ. ಒಂದ್ ಬೊಗಸೆ ಸಗಣಿ ಸಾಕು ನಮ್ ಕಣಕ್ಕೆ. ಈ ಸೀಮೇಲೆ ಇನ್ನೊಂದ್ ತೋರ್ಸು ನೋಡಾನ."

ಮಧು ಅಣ್ಣ ನಕ್ಕರು. ಆಮೇಲೆ ಒಬ್ಬರೇ ಕಣದ ಸುತ್ತ ಇನ್ನೊಂದು ಸಲ ನಡೆದರು. ಅವರ ಆ ಎರಡನೆಯ ಸುತ್ತನ್ನು ನಾನು ಎಷ್ಟು ಸಲ ನೆನಪು ಮಾಡಿಕೊಂಡಿದ್ದೇನೋ ಲೆಕ್ಕವಿಲ್ಲ. ಆಗ ಮಾತ್ರ ನನಗೆ ಏನೂ ಅನ್ನಿಸಲಿಲ್ಲ.

ಸುಗ್ಗಿ ಮುಗಿಯುವವರೆಗೆ ಕಣ ನಮಗೆ ಸಿಗುವಂತಿರಲಿಲ್ಲ. ಎತ್ತು ಕಟ್ಟಿ ಗುಂಡುಕಲ್ಲು ಉರುಳಿಸುತ್ತಿದ್ದರು, ಗಾಳಿ ಬಂದಾಗ ಮೊರ ಎತ್ತಿ ತೂರುತ್ತಿದ್ದರು. ನಾವು ಸುತ್ತಮುತ್ತಲ ಗುಡ್ಡಗಳನ್ನು ಅಲೆದು, ಸಂಜೆಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದೆವು. ಮಾಗಿಯ ಚಳಿ, ಬೆಳಗಿನ ಮಂಜಿನಲ್ಲಿ ಕಬ್ಬಾಳುದುರ್ಗ ಅರ್ಧ ಮಾತ್ರ ಕಾಣುತ್ತಿತ್ತು. ತೂರುವಾಗ ಹೊಟ್ಟು ನಮ್ಮ ತಲೆ, ಬೆನ್ನು, ಚೀಲಗಳ ಮೇಲೆಲ್ಲ ಕೂರುತ್ತಿತ್ತು. ರಾಗಿಯ ಹೊಟ್ಟು ಮೈಗೆ ಬಿದ್ದರೆ ಸಂಜೆವರೆಗೂ ಕೆರೆತ. ಆದರೂ ಅಷ್ಟು ಸುಖದ ದಿನಗಳನ್ನು ನಾನು ಆಮೇಲೆ ಕಂಡಿಲ್ಲ.

ಸುಗ್ಗಿಯ ಜೊತೆಗೇ ಅವರೆಕಾಯಿಯ ಕಾಲ. ಜವರಮ್ಮ ಹಿತಕಿದ ಬೇಳೆಯ ಸಾರು ಮಾಡಿದರೆ ಮಧು ಅಣ್ಣ ಮೂರು ಮುದ್ದೆ ಹೊಡೆಯುತ್ತಿದ್ದರು. "ಉಣ್ಣಯ್ಯ, ಸುಗ್ಗಿ ಮನೇಲಿ ನಾಚ್ಕಂಡ್ರೆ ಆದದಾ?" ಎಂದು ಜವರಮ್ಮ ಇನ್ನೊಂದು ಸೌಟು ಹಾಕುತ್ತಿದ್ದರು. ಕಾಳು ಹಿತುಕುವ ಕೆಲಸ ನನ್ನದು, ಏಕೆಂದರೆ ನಮ್ಮ ಮನೆಯಲ್ಲೂ ಆ ಕಾಲಕ್ಕೆ ಅದೇ ಕೆಲಸ. ನನ್ನ ಬೆರಳು ಓಡುವುದನ್ನು ನೋಡಿ ಸಿದ್ದಣ್ಣ, "ಕಲ್ಲಮ್ಮ ಕಲ್ ಬುಟ್ಟು ಕಾಳಿಗೆ ಇಳಿದ್ರೆ ಬದುಕ್ಕತ್ತಾಳೆ," ಎಂದು ರೇಗಿಸುತ್ತಿದ್ದರು.

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ನಮ್ಮ ಕೆಲಸ ಶುರುವಾಯಿತು. ಬರಿಗಾಲಲ್ಲಿ, ಬಟ್ಟೆ ಸುತ್ತಿದ ಮಂಡಿಯ ಮೇಲೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಒಬ್ಬರು ಕಂಪಾಸಿಟ್ಟು ಓದಿದ್ದನ್ನು ಇನ್ನೊಬ್ಬರು ನೋಡದೆ ಮತ್ತೊಮ್ಮೆ ಓದಬೇಕು. ಎರಡೂ ಹೊಂದಿದರೆ ಮಾತ್ರ ನಿಜ. ಮಧು ಅಣ್ಣ ಕೆಲವು ದಿನಗಳಾದ ಮೇಲೆ ನನ್ನದನ್ನು ಮತ್ತೆ ಓದುವುದನ್ನು ಬಿಟ್ಟರು. "ನೀನು ಓದಿದ್ರೆ ಸಾಕು ಬಿಡು," ಎನ್ನುತ್ತಿದ್ದರು. ನಾನು ಅದನ್ನು ನಂಬಿಕೆ ಎಂದುಕೊಂಡು ಉಬ್ಬಿಹೋದೆ. ನಾನೂ ಅವರದನ್ನು ಮತ್ತೆ ಓದುವುದನ್ನು ಬಿಟ್ಟೆ.

ಆ ಮೇಕೆಕತ್ತಿನ ಮಡಿಕೆ ಸಿಕ್ಕಿದ್ದು ಆಗಲೇ. ಪಟ್ಟೆಗಳು ಮೊದಲು ಒತ್ತಡಕ್ಕೆ ಮಡಚಿಕೊಂಡಿವೆ. ಮಡಚಿದ ಮೇಲೆ ಗುಲಾಬಿ ಕಲ್ಲು ಅದನ್ನು ಕೊಯ್ದು ನುಗ್ಗಿದೆ. ಆದರೆ ಆ ಗುಲಾಬಿ ಎಳೆ ಪೂರ್ತಿ ಗಟ್ಟಿಯಾಗುವ ಮೊದಲೇ ಪಕ್ಕಕ್ಕೆ ಎಳೆದುಕೊಂಡುಹೋಗಿದೆ. ಅಂದರೆ ತಿಕ್ಕಾಟ ನಡೆಯುತ್ತಿರುವಾಗಲೇ ಅದು ಬಂದಿದೆ. ಒಂದು ಮಾರು ಉದ್ದದ ಜಾಗದಲ್ಲಿ ಇಡೀ ಕಥೆ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಜವರಮ್ಮ ಓಡಿ ಬಂದರು, ಚೇಳು ಕಚ್ಚಿತೇನೋ ಎಂದು.

ತುಂಡು ತೆಗೆಯಲು ಸುತ್ತಿಗೆ ಎತ್ತಿದೆ. ಮಧು ಅಣ್ಣ ನನ್ನ ಮಣಿಕಟ್ಟು ಹಿಡಿದರು. "ಬೇಡ ನಸೀಮಾ. ಪಾಪ, ಅವರು ಅನ್ನ ಬಡಿಯೋ ಜಾಗ. ಒಂದು ಏಟೂ ಬೀಳೋದು ಬೇಡ. ಫೋಟೋ ಸಾಕು." ಜವರಮ್ಮನ ಮುಖ ನೋಡಿದೆ. ಅವರ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು. ಇಷ್ಟು ದಿನ ಅವರ ಅನ್ನ ತಿಂದು ಇದು ನನಗೆ ಹೊಳೆಯಲಿಲ್ಲವಲ್ಲ, ಈ ಮನುಷ್ಯನಿಗೆ ಹೊಳೆಯಿತಲ್ಲ ಎಂದು. ಸುತ್ತಿಗೆಯನ್ನು ಚೀಲದ ತಳಕ್ಕೆ ಹಾಕಿದೆ. ಆ ಕಣದ ಒಂದು ಚೂರು ಕಲ್ಲೂ ನನ್ನ ಹತ್ತಿರವಿಲ್ಲ.

ಆಮೇಲೆ ಬಿರುಕುಗಳನ್ನು ಅಳೆ ಎಂದರು. ಕಣದಲ್ಲಿ ಮಾತ್ರವಲ್ಲ, ಸುತ್ತಲಿನ ಬಂಡೆಗಳಲ್ಲೆಲ್ಲ. ಒಂದು ಬಿರುಕಿನಿಂದ ಇನ್ನೊಂದಕ್ಕೆ ಎಷ್ಟು ದೂರ, ಎಷ್ಟು ಆಳಕ್ಕೆ ಹೋಗಿರಬಹುದು, ಯಾವ ಕಡೆ ವಾಲಿದೆ. ನನ್ನ ಕೆಲಸಕ್ಕೆ ಅದು ಬೇಕಿರಲಿಲ್ಲ. ಕೇಳಿದೆ.

"ಬಿರುಕು ಕೊನೆಯಲ್ಲಿ ಆದದ್ದಲ್ವಾ? ಕಥೆ ಹೇಳೋವಾಗ ಕೊನೆ ಬಿಟ್ರೆ ಹೇಗೆ?" ಎಂದರು.

ಸರಿಯಾದ ಮಾತೇ. ಟೇಪಿನ ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿ ಹಿಡಿಯಲು ಜವರಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. "ನಂಗೂ ಒಸಿ ಓದ್ಸು," ಎನ್ನುತ್ತಿದ್ದರು. ಟೇಪನ್ನು ಸಡಿಲ ಬಿಡದೆ, ಬಿರುಕಿನ ಅಂಚಿಗೆ ಸರಿಯಾಗಿ ಹೆಬ್ಬೆರಳಿಟ್ಟು ಹಿಡಿಯುತ್ತಿದ್ದರು. ದಿನವೆಲ್ಲ ಬಿಸಿಲಲ್ಲಿ ಹಾಗೆ ಹಿಡಿದು, ಸಂಜೆ ಸೊಂಟ ನೀವಿಕೊಳ್ಳುತ್ತ, "ನಾಳೀಕೂ ಬತ್ತೀನಿ ಕಲ್ಲಮ್ಮ, ನಾನಿಲ್ದೆ ಶುರು ಮಾಡ್ಬೇಡ," ಎಂದು ಹೇಳಿ ಹೋಗುತ್ತಿದ್ದರು.

ಬೇಸಿಗೆ ಬಂತು, ಬಂಡೆ ಸುಡತೊಡಗಿತು, ನಾವು ಹೊರಟೆವು. ಜವರಮ್ಮ ಒಂದು ಚೀಲ ರಾಗಿ ಹಿಟ್ಟು ಕೊಟ್ಟರು. ಮಧು ಅಣ್ಣ ಅವರ ಕಾಲಿಗೆ ನಮಸ್ಕಾರ ಮಾಡಿದರು.

ಮುಂದಿನ ಮಾಗಿಗೆ ನಾನು ಚನ್ನಪಟ್ಟಣದ ಮನೆಯಲ್ಲಿ ಕೂತು ಪ್ರಬಂಧ ಬರೆಯುತ್ತಿದ್ದೆ. ಮಧು ಅಣ್ಣ ಸಂಶೋಧನೆ ಬಿಟ್ಟು ಎಲ್ಲೋ ಕೆಲಸಕ್ಕೆ ಸೇರಿದ್ದರು. ಎಲ್ಲಿ ಎಂದು ಕೇಳಿದರೆ ಕನ್ಸಲ್ಟೆನ್ಸಿ ಎಂದಿದ್ದರು. ಒಂದು ಮಧ್ಯಾಹ್ನ ಸಿದ್ದಣ್ಣನ ಫೋನು ಬಂತು.

"ಒಂದ್ ಕಿತ ಬಂದು ಹೋಗವ್ವ," ಎಂದರು ಅಷ್ಟೇ.

ಕನಕಪುರಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಹೋದೆ. ಹೊಲದ ಅಂಚು ದಾಟುವಾಗಲೇ ಸದ್ದು ಕೇಳಿಸಿತು, ಹಲ್ಲು ಜುಮ್ಮೆನ್ನಿಸುವ ಸದ್ದು. ತಂತಿಯ ಗರಗಸ. ಡೈನಮೈಟಿಟ್ಟು ಒಡೆಯುವ ಕ್ವಾರಿಯಲ್ಲ ಅದು. ಕಲ್ಲಿನ ಡಿಸೈನು ಹಾಳಾಗದಂತೆ ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತಿದ್ದರು. ಕಣದ ಅರ್ಧ ಆಗಲೇ ಹೋಗಿತ್ತು. ಹೋದ ಜಾಗದಲ್ಲಿ ಚೌಕನೆಯ ಗುಂಡಿ, ಅದರಲ್ಲಿ ಬಿಳಿ ಕೆಸರು. ಉಳಿದ ಅರ್ಧದ ಮೇಲೆ ಕೆಂಪು ಬಣ್ಣದ ಗೆರೆಗಳು. ಗೆರೆಗಳು ಎಲ್ಲೆಲ್ಲಿ ಬಿದ್ದಿವೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ನಾವು ಟೇಪು ಹಿಡಿದಿದ್ದ ಜಾಗಗಳವು.

ಬಿರುಕಿಲ್ಲದ ಕಲ್ಲು ಎಂದರೆ ದೊಡ್ಡ ಬ್ಲಾಕು. ಪಟ್ಟೆ ಮಡಚಿ ಸುಳಿಸುಳಿಯಾಗಿರುವ ಕಲ್ಲು ಎಂದರೆ ಹೊರದೇಶದ ಅಡುಗೆಮನೆಗಳಲ್ಲಿ ಬೇಡಿಕೆ. ಕಾಳು ಕಳೆದುಹೋಗದಿರಲಿ ಎಂದು ಜವರಮ್ಮನ ಹಿರಿಯರು ಯಾವ ಬಂಡೆ ಆರಿಸಿದ್ದರೋ, ಕಥೆ ಪೂರ್ತಿ ಸಿಗಲಿ ಎಂದು ನಾನು ಯಾವ ಬಂಡೆ ಹುಡುಕಿದ್ದೆನೋ, ಕಲ್ಲು ಕೊಯ್ಯುವ ಕಂಪನಿಗೆ ಬೇಕಾದದ್ದೂ ಅದೇ ಬಂಡೆ, ಅದೇ ಕಾರಣಕ್ಕೆ. ಮಧು ಅಣ್ಣನಿಗೆ ಅದು ಗೊತ್ತಿತ್ತು, ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಜವರಮ್ಮ ಜಗಲಿಯ ಮೇಲೆ ಕೂತಿದ್ದರು. ರಾಗಿ ಮೆದೆ ಹಾಗೇ ಇತ್ತು, ಬಡಿಯಲು ಜಾಗವಿರಲಿಲ್ಲ. ನನ್ನನ್ನು ನೋಡಿ ಏಳಲಿಲ್ಲ.

"ಜೀಪ್ ಬಂತು," ಎಂದರು. "ಮಧಪ್ಪ ಇಳ್ದ. ಇನ್ ಮೂರ್ ಜನ ಇಳುದ್ರು. ಕಲ್ಲಮ್ಮ ಎಲ್ಲೋ ಹಿಂದ್ಗಡೆ ಕೂತವ್ಳೆ ಅನ್ಕಂಡು ಜೀಪ್ ಒಳೀಕ್ ಬಗ್ಗಿ ನೋಡ್ದೆ."

"ನಂಗೆ ಗೊತ್ತೇ ಇರಲಿಲ್ಲ ಅವ್ವ. ಆಣೆಗೂ ಗೊತ್ತಿರಲಿಲ್ಲ."

"ಬೂಟ್ ಹಾಕ್ಕಂಡೇ ಹತ್ದ," ಎಂದರು. ನನ್ನ ಮಾತು ಅವರಿಗೆ ಕೇಳಿಸಿತೋ ಇಲ್ಲವೋ. "ನಾನು ಮೆಟ್ ಬುಡಯ್ಯ ಅಂದೆ. ಈಗ ಇದು ಕಣ ಅಲ್ಲ ಜವರಮ್ಮ, ಲೀಸಾಗೈತೆ ಅಂದ."

ನಾನು ಅವರ ಪಕ್ಕದಲ್ಲಿ ಕೂತೆ. ಕೈ ಹಿಡಿಯಲು ಹೋದೆ, ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ಕಲ್ಲಮ್ಮ, ನೀನ್ ನಿಜ ಹೇಳು. ನಾನ್ ಟೇಪ್ ಹಿಡೀದೇ ಹೋಗಿದ್ರೆ ಇದಾಯ್ತಿತ್ತಾ?"

ಆಗುತ್ತಿತ್ತು ಅವ್ವ ಎಂದೆ. ಅವರು ನಂಬಲಿಲ್ಲ. ಅವರ ಮುಖ ನೋಡಿದರೆ ತಿಳಿಯುತ್ತಿತ್ತು, ನನ್ನನ್ನು ಬೈಯಲು ಅವರಿಗೆ ಬಾಯಿ ಬರುತ್ತಿಲ್ಲ, ತಮ್ಮನ್ನೇ ತಾವು ಬೈದುಕೊಳ್ಳುತ್ತಿದ್ದಾರೆ. ಅವರು ನನಗೆ ಬಾಯಿ ತುಂಬ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೊಲದ ಬದುವಿನಲ್ಲೇ ನಿಂತು ಮಧುವಿಗೆ ಫೋನು ಮಾಡಿದೆ. ಅಣ್ಣ ಎಂದು ಕರೆಯುವುದು ಆವತ್ತಿಗೆ ನಿಂತಿತು.

"ನೋಡು, ನಾನ್ ಹೇಳದಿದ್ರೆ ಇನ್ಯಾರೋ ಹೇಳ್ತಿದ್ರು," ಎಂದ. ದನಿಯಲ್ಲಿ ನಾಚಿಕೆ ಇರಲಿಲ್ಲ, ಬೇಸರವಿತ್ತು, ಪಾಠ ಅರ್ಥವಾಗದ ವಿದ್ಯಾರ್ಥಿಗೆ ಹೇಳುವವರ ಬೇಸರ. "ಗೋಮಾಳ ಅದು. ಅವರದ್ದೇನಲ್ಲ. ನಿನ್ನ ಪ್ರಬಂಧಕ್ಕೆ ಫೋಟೋ ಇದೆ, ಅಳತೆ ಇದೆ. ನಿನಗೇನು ನಷ್ಟ?"

"ಸುತ್ತಿಗೆ ಎತ್ತಿದಾಗ ಕೈ ಹಿಡಿದೆಯಲ್ಲ, ಅದು ಯಾಕೆ?"

"ಅಂಥ ಬಂಡೆ ಎಲ್ಲಿ ಸಿಗುತ್ತೆ ಹೇಳು. ಒಂದು ಏಟಿನ ಗುರುತೂ ಇಲ್ಲದ್ದು," ಎಂದ.

"ಮೊದಲಿಂದಲೂ ಇದಕ್ಕೇ ಬಂದಿದ್ಯಾ?"

"ಮೊದಲಿಂದ ಅಲ್ಲ ನಸೀಮಾ," ಎಂದ. "ಆಮೇಲೆ."

ಆಮೇಲೆ ಎಂದರೆ ಯಾವುದಾದ ಮೇಲೆ? ಅದನ್ನು ಅವನು ಹೇಳಲಿಲ್ಲ. ಇನ್ನೂರೈವತ್ತು ಕೋಟಿ ವರ್ಷದ ಹಿಂದೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಬಲ್ಲ ನನಗೆ ಆ ಒಂದು ಮಾಗಿಯ ಲೆಕ್ಕ ಇವತ್ತಿಗೂ ಸಿಕ್ಕಿಲ್ಲ. ಕಣ ಮುಟ್ಟಿ ಕಣ್ಣಿಗೊತ್ತಿಕೊಂಡದ್ದು ನಿಜವೇ? ಜವರಮ್ಮ ಕೈ ಹಿಡಿದು ಎರಡೇ ಬಿರುಕು ಎಂದಾಗ ಮನಸ್ಸು ತಿರುಗಿತೇ? ನೀನು ಓದಿದರೆ ಸಾಕು ಎಂದದ್ದು ನಂಬಿಕೆಯೋ, ಆ ಹೊತ್ತಿಗಾಗಲೇ ಅವನಿಗೆ ನನ್ನ ಮಡಿಕೆಗಳು ಬೇಡವಾಗಿ, ಬಿರುಕುಗಳು ಮಾತ್ರ ಬೇಕಾಗಿದ್ದವೋ? ಮೂರು ಮುದ್ದೆ ಉಂಡದ್ದು ಯಾವ ಕಡೆಗೆ ಸೇರುತ್ತದೆ? ಒಂದೊಂದು ದಿನ ಒಂದೊಂದು ಥರ ಜೋಡಿಸುತ್ತೇನೆ. ಯಾವ ಜೋಡಣೆಯಲ್ಲೂ ಅವನನ್ನು ಕ್ಷಮಿಸಲು ನನ್ನಿಂದ ಆಗಿಲ್ಲ.

ಅಬ್ಬಾಗೆ ಹೇಳಿದಾಗ ಅವರು ಲೇತು ನಿಲ್ಲಿಸಿ ಕೇಳಿಸಿಕೊಂಡರು. ಮನೆಯಲ್ಲಿ ನಾವಾಡುವುದು ಉರ್ದು, ಅವರು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. "ಬೇಟಿ, ಅವನು ಬುಗುರಿ ತಿರುಗಿಸುವಾಗ ನಾನು ಬುಗುರಿ ನೋಡಿದೆ, ಅವನ ಮುಖ ನೋಡಲಿಲ್ಲ," ಎಂದರು. ಮತ್ತೆ ಲೇತು ಹಾಕಿಕೊಂಡು ಕೆಲಸಕ್ಕೆ ತೊಡಗಿದರು. ಆವತ್ತು ಅವರ ಕೈಯ ಅರಗು ಮರಕ್ಕೆ ಸರಿಯಾಗಿ ಹತ್ತಲಿಲ್ಲ.

ಪ್ರಬಂಧಕ್ಕೆ ಪದವಿ ಬಂತು. ಆದರೆ ನನ್ನ ಮುಖ್ಯ ಮಾತನ್ನು ಯಾರೂ ಪೂರ್ತಿ ಒಪ್ಪಲಿಲ್ಲ. ಒಪ್ಪದವರನ್ನು ಬೈಯಲಾರೆ. ನಮ್ಮಲ್ಲಿ ಒಬ್ಬರು ಓದಿದ್ದನ್ನು ಇನ್ನೊಬ್ಬರು ಹೋಗಿ ಮತ್ತೆ ಓದಬೇಕು, ಅದೇ ಪದ್ಧತಿ. ಬಂಡೆ ಎಲ್ಲಿದೆ ತೋರಿಸಿ ಎಂದರು. ಚೌಕ ಗುಂಡಿಯನ್ನು ತೋರಿಸಲೇ? ಒಂದು ಚೂರು ಕಲ್ಲಾದರೂ ತಂದಿದ್ದೀರಾ ಎಂದರು. ಅನ್ನ ಬಡಿಯುವ ಜಾಗವೆಂದು ತರಲಿಲ್ಲ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅದಾದ ಮೇಲೆ ಆ ಊರಿಗೆ ಹೋಗಲಿಲ್ಲ. ಈಗ ನಾನೂ ಪಾಠ ಹೇಳುತ್ತೇನೆ, ವಿದ್ಯಾರ್ಥಿಗಳನ್ನು ಸಾವನದುರ್ಗಕ್ಕೆ, ರಾಮನಗರದ ಬೆಟ್ಟಗಳಿಗೆ ಕರೆದುಕೊಂಡು ಹೋಗುತ್ತೇನೆ. ಕನಕಪುರ ದಾಟುವುದಿಲ್ಲ. ಸಿದ್ದಣ್ಣ ತೀರಿಹೋದ ಸುದ್ದಿ ತಿಳಿದಾಗಲೂ ಹೋಗುವ ಧೈರ್ಯ ಬರಲಿಲ್ಲ.

ಬಿಡದಿಯ ಆ ಮೇಜು ನೋಡಿದ ಮೇಲೆ ಮಾತ್ರ ಹೋಗದೆ ಇರಲಾಗಲಿಲ್ಲ. ಅವರೆಕಾಯಿ ಕೊಂಡು ಚೀಲಕ್ಕೆ ಹಾಕಿಕೊಂಡು, ರಾಮನಗರಕ್ಕೆ ಹೋಗಿ ಕನಕಪುರದ ಬಸ್ಸು ಹತ್ತಿದೆ. ಮೇಜಿನ ಕಲ್ಲು ಕಣ್ಣಿಂದ ಮರೆಯಾಗುತ್ತಿರಲಿಲ್ಲ. ಅದು ನನ್ನ ಮಾತಿಗೆ ಸಾಕ್ಷಿಯೂ ಆಗಲಾರದು. ನೆಲದಿಂದ ಎತ್ತುವ ಮೊದಲು ಉತ್ತರ ದಿಕ್ಕು ಯಾವ ಕಡೆ ಎಂದು ಗುರುತು ಹಾಕದ ಕಲ್ಲು, ತಾನು ಯಾವ ಕಡೆಗೆ ಜರುಗಿದೆ ಎಂದು ಹೇಳುವುದಿಲ್ಲ. ಅದನ್ನು ಈಗ ಯಾವ ಕಡೆಗೆ ಬೇಕಾದರೂ ತಿರುಗಿಸಿ ಇಡ್ಲಿ ತಿನ್ನಬಹುದು.

ಕನಕಪುರದಲ್ಲಿ ಹಿಡಿದ ಆಟೋದವನು ಊರಿನ ಮುಂದಿನ ತಿರುವಿನಲ್ಲಿ ನಿಧಾನ ಮಾಡಿದ. ಟಾರು ರಸ್ತೆಯ ಮೇಲೆ ಉದ್ದಕ್ಕೂ ರಾಗಿಯ ತೆನೆ ಹರಡಿದ್ದರು. ಕಾರು, ಬೈಕು, ಹಾಲಿನ ವ್ಯಾನು ಅದರ ಮೇಲೆಯೇ ಹಾದುಹೋಗುತ್ತಿದ್ದವು. ಗಾಲಿಗಳೇ ಈಗ ಗುಂಡುಕಲ್ಲು. ರಸ್ತೆಯ ಅಂಚಿನಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬರು, ಗಾಡಿ ಹೋದ ಕೂಡಲೇ ನುಗ್ಗಿ, ತೆನೆ ತಿರುವಿ ಹಾಕಿ, ಮುಂದಿನ ಗಾಡಿ ಬರುವಷ್ಟರಲ್ಲಿ ಹಿಂದೆ ಸರಿಯುತ್ತಿದ್ದರು. ಜವರಮ್ಮ.

ಆಟೋ ಇಳಿದು ಹತ್ತಿರ ಹೋದೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಕಲ್ಲಮ್ಮನಾ?"

"ಹೂಂ ಅವ್ವ."

ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಚೀಲದಿಂದ ಇಣುಕುತ್ತಿದ್ದ ಅವರೆಕಾಯಿ ನೋಡಿ, "ಸೊಗಡೈತೆ," ಎಂದರು.

ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿ ಬಂದದ್ದೆಲ್ಲ ಮರೆತುಹೋಯಿತು. "ನಿಮ್ಮ ಕಣ ಬಿಡದಿಯಲ್ಲಿ ನೋಡಿದೆ ಅವ್ವ," ಎಂದುಬಿಟ್ಟೆ. "ಹೋಟೆಲಿನಲ್ಲಿ. ಮೇಜು ಮಾಡಿದ್ದಾರೆ."

"ಏನಿಕ್ತಾರೆ ಅದ್ರ ಮ್ಯಾಲೆ?"

"ಇಡ್ಲಿ."

ಜವರಮ್ಮ ಅಂಚಿಗೆ ಸಿಡಿದಿದ್ದ ತೆನೆಯೊಂದನ್ನು ಕಾಲಿನಿಂದ ರಸ್ತೆಗೆ ಸರಿಸಿದರು. "ಕಾಲಿಕ್ಕಲ್ವಲ್ಲ?" ಎಂದು ಕೇಳಿದರು.

"ಇಲ್ಲ ಅವ್ವ. ಊಟಕ್ಕೇ."

"ಹೂಂ," ಎಂದರು.

ದೂರದಲ್ಲಿ ಲಾರಿಯೊಂದು ಬರುತ್ತಿತ್ತು. ಅದು ಬರುವಷ್ಟರಲ್ಲಿ ಆ ತುದಿಯ ತೆನೆ ತಿರುವಬೇಕಿತ್ತು. ಅವರಿಗೆ ಸೊಂಟ ಬಗ್ಗುತ್ತಿರಲಿಲ್ಲ. ನಾನು ಚೀಲವನ್ನು ಅಂಚಿಗಿಟ್ಟು, ರಾಗಿಯ ಮೇಲೆ ಕಾಲಿಡುವ ಮೊದಲು, ಯೋಚನೆಯೇ ಇಲ್ಲದೆ, ಬಗ್ಗಿ ಚಪ್ಪಲಿ ಬಿಚ್ಚಿದೆ.

ಜವರಮ್ಮ ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಹಾಕ್ಕೊ ಹಾಕ್ಕೊ, ಕಾಲ್ ಸುಟ್ಟದು," ಎಂದರು. "ಕಣ ಅಲ್ಲ, ರೋಡು ಅದು."

ನಾನು ಚಪ್ಪಲಿ ಮೆಟ್ಟಿಕೊಂಡು ಅವರ ರಾಗಿಯ ಮೇಲೆ ನಡೆದೆ.